ಅಜಂತಾದ ಗೋಡೆಯಿಂದ ಕಾರವಾರದ ಕಡಲಿಗೆ: ಹಲಗೆ ಹೊಲಿದು ಕಟ್ಟಿದ ಹಡಗು

ನಾಸಿಕ್ ಜಿಲ್ಲೆಯ ತ್ರ್ಯಂಬಕೇಶ್ವರಕ್ಕೆ ಹೊರಡುವ ಕನ್ನಡಿಗ ಯಾತ್ರಿಕರ ಪ್ರವಾಸದ ಪಟ್ಟಿ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಕುಶಾವರ್ತದಲ್ಲಿ ಸ್ನಾನ, ಜ್ಯೋತಿರ್ಲಿಂಗದ ದರ್ಶನ, ಕಾಲಿಗೆ ಬಲವಿದ್ದವರಿಗೆ ಗೋದಾವರಿ ಹುಟ್ಟುವ ಬ್ರಹ್ಮಗಿರಿ. ಅಲ್ಲಿಂದ ಪಂಚವಟಿ, ಶಿರಡಿ, ಮುಂದೆ ಛತ್ರಪತಿ ಸಂಭಾಜಿನಗರ ಜಿಲ್ಲೆಯ ವೇರುಳದ ಘೃಷ್ಣೇಶ್ವರ. ಪಟ್ಟಿಯ ಕೊನೆಯಲ್ಲಿ 'ಸಮಯ ಉಳಿದರೆ ಅಜಂತಾ' ಎಂಬ ಒಂದು ಸಾಲು ಇರುತ್ತದೆ. ಆ ಸಮಯ ಉಳಿಯುವುದು ಅಪರೂಪ.

2027ರ ಸಿಂಹಸ್ಥ ಕುಂಭಮೇಳಕ್ಕೆ ಹೋಗುವ ಯೋಚನೆ ಈಗಾಗಲೇ ಅನೇಕರ ಮನದಲ್ಲಿದೆ. ಅಂಥವರು ಈ ಸಲವಾದರೂ ಆ ಕೊನೆಯ ಸಾಲನ್ನು ಪಟ್ಟಿಯ ಮೇಲ್ಭಾಗಕ್ಕೆ ತಂದುಕೊಳ್ಳುವುದು ಒಳ್ಳೆಯದು. ಕಾರಣವಿಷ್ಟೇ. ಕಡಲ ಗಾಳಿಯೂ ಸುಳಿಯದ ಈ ಘಟ್ಟದ ಮೇಲಿನ ನಾಡಿನ ಒಂದು ಗುಹೆಯ ಗೋಡೆಯಲ್ಲಿ ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಚಿತ್ರಿಸಿದ ಒಂದು ಹಡಗಿದೆ. ಅದನ್ನೇ ಆಧಾರವಾಗಿಟ್ಟುಕೊಂಡು ಒಂದೇ ಒಂದು ಕಬ್ಬಿಣದ ಮೊಳೆ ಇಲ್ಲದೆ, ಹಲಗೆಗೆ ಹಲಗೆ ಹೊಲಿದು ಕಟ್ಟಿದ ನಿಜವಾದ ಹಡಗೊಂದು 2025ರ ಮೇ 21ರಂದು ಭಾರತೀಯ ನೌಕಾಪಡೆಯನ್ನು ಸೇರಿತು. ಸೇರಿದ್ದು ಎಲ್ಲಿ? ನಮ್ಮ ಕಾರವಾರದಲ್ಲಿ. ಅದರ ಹೆಸರು 'ಐಎನ್‌ಎಸ್‌ವಿ ಕೌಂಡಿನ್ಯ'.

ಘಟ್ಟದ ಮೇಲೆ ದೋಣಿಯ ನೆನಪು

ನಾಸಿಕ್‌ಗೂ ಹಡಗಿಗೂ ಎತ್ತಣಿಂದೆತ್ತ ಸಂಬಂಧ ಎಂದು ಯಾರಾದರೂ ಕೇಳಬಹುದು. ತ್ರ್ಯಂಬಕದಿಂದ ಸುಮಾರು 30 ಕಿಲೋಮೀಟರ್ ದೂರದ ನಾಸಿಕ್ ನಗರದ ಹೊರವಲಯದಲ್ಲಿ, ಮುಂಬಯಿ-ಆಗ್ರಾ ಹೆದ್ದಾರಿಯ ಪಕ್ಕದ ಬೆಟ್ಟದಲ್ಲಿ ಪಾಂಡವಲೇಣಿ ಗುಹೆಗಳಿವೆ. ಅಲ್ಲಿನ 10ನೇ ಗುಹೆಯಲ್ಲಿ ಕ್ಷತ್ರಪ ದೊರೆ ನಹಪಾನನ ಅಳಿಯ ಉಷವದಾತನ ಶಾಸನವಿದೆ. ಕ್ರಿಸ್ತಶಕ 2ನೇ ಶತಮಾನದ ಈ ಶಾಸನದಲ್ಲಿ ಅವನ ದಾನಧರ್ಮಗಳ ಪಟ್ಟಿ ಉದ್ದಕ್ಕೆ ಸಾಗುತ್ತದೆ. ಅದರಲ್ಲಿ ಒಂದು ದಾನ ವಿಶೇಷವಾದದ್ದು. ದಮಣ, ತಾಪಿ, ಡಹಾಣು ಮೊದಲಾದ ನದಿಗಳಲ್ಲಿ ಜನರು ಹಣ ಕೊಡದೆ ದಾಟುವಂತೆ ಅವನು ದೋಣಿಗಳ ವ್ಯವಸ್ಥೆ ಮಾಡಿಸಿದ್ದ. ದೋಣಿಯನ್ನು ಪುಣ್ಯಕಾರ್ಯದ ಲೆಕ್ಕಕ್ಕೆ ಸೇರಿಸಿದ ಶಾಸನ ಕಡಲತಡಿಯಲ್ಲಿಲ್ಲ, ಗೋದಾವರಿ ಹುಟ್ಟುವ ನಾಡಿನಲ್ಲಿದೆ ಎಂಬುದು ಗಮನಾರ್ಹ.

ಅದೇ ಶಾಸನದಲ್ಲಿ ಬರುವ ಇನ್ನೊಂದು ಊರು ಸೋರ್ಪಾರಗ. ಅಂದರೆ ಇಂದಿನ ಸೋಪಾರಾ. ವಿರಾರ್ ಲೋಕಲ್ ಹಿಡಿದು ದಿನವೂ ನಾಲಾಸೋಪಾರಾದಲ್ಲಿ ಇಳಿಯುವ ನಮ್ಮವರಲ್ಲಿ ಅದು ಒಂದು ಕಾಲದ ದೊಡ್ಡ ಬಂದರು ಎಂದು ಗೊತ್ತಿರುವವರು ಎಷ್ಟು ಮಂದಿ? 1882ರಲ್ಲಿ ಭಗವಾನ್‌ಲಾಲ್ ಇಂದ್ರಜಿ ಅಲ್ಲಿನ ಬೌದ್ಧ ಸ್ತೂಪವನ್ನು ಅಗೆದು ಬೆಳಕಿಗೆ ತಂದರು. ಘಟ್ಟದ ಮೇಲಿನ ಪೈಠಣ, ತೇರ್ ಮುಂತಾದ ಪೇಟೆಗಳ ಸರಕು ಪಶ್ಚಿಮದ ಬಂದರುಗಳಿಗೆ ಇಳಿಯುತ್ತಿತ್ತು. ವ್ಯಾಪಾರಿಯ ಹಣದಿಂದ ಬೆಟ್ಟಗಳಲ್ಲಿ ಗುಹೆಗಳು ಮೂಡುತ್ತಿದ್ದವು. ಹೀಗೆ ಬಂದರಿನ ಕತೆ ಬೆಟ್ಟವನ್ನೇರಿತು.

ಗೋಡೆಯ ಮೇಲಿನ ಹಡಗು

ಅಜಂತಾದ 2ನೇ ಗುಹೆಯ ಗೋಡೆಯಲ್ಲಿರುವುದು ಇದೇ ಸೋಪಾರಾದ ವ್ಯಾಪಾರಿ ಪೂರ್ಣನ ಕತೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಪೂರ್ಣ ಬುದ್ಧನ ಶಿಷ್ಯನಾಗಿ ಸಂಸಾರ ಬಿಟ್ಟವನು. ಅವನ ಅಣ್ಣ ಶ್ರೀಗಂಧದ ಮರಕ್ಕಾಗಿ ಹಡಗು ಹತ್ತಿ ಹೋದಾಗ ಆ ಕಾಡನ್ನು ಕಾಯುವ ಯಕ್ಷರು ಸಿಟ್ಟಾಗಿ ಬಿರುಗಾಳಿ ಎಬ್ಬಿಸುತ್ತಾರೆ. ಆಗ ಪೂರ್ಣ ಪ್ರತ್ಯಕ್ಷನಾಗಿ ಹಡಗನ್ನು ಉಳಿಸುತ್ತಾನೆ. ಕತೆ ಪವಾಡದ್ದಾದರೂ ಚಿತ್ರಕಾರ ಬರೆದ ಹಡಗು ಮಾತ್ರ ಕಣ್ಣಾರೆ ಕಂಡದ್ದೇ ಇರಬೇಕು. ಎತ್ತರಕ್ಕೆ ಬಾಗಿದ ಮೂತಿ, ಅದರ ಮೇಲೆ ಬರೆದ ಕಣ್ಣು, ಸಾಲಾಗಿ ನಿಂತ ಮೂರು ಕೂವೆಮರಗಳಲ್ಲಿ ಉದ್ದನೆಯ ಹಾಯಿಗಳು, ಹಿಂಬದಿಯಲ್ಲಿ ಚುಕ್ಕಾಣಿಯಾಗಿ ಬಳಸುವ ದೊಡ್ಡ ಹುಟ್ಟು, ಚಪ್ಪರದ ಕೆಳಗೆ ಜೋಡಿಸಿಟ್ಟ ಗಡಿಗೆಗಳು ಇವೆಲ್ಲ ಅದರಲ್ಲಿವೆ.

ಈ ಚಿತ್ರಗಳನ್ನು 1872ರಿಂದ ಹಲವು ವರ್ಷ ಪ್ರತಿ ಮಾಡಿಕೊಂಡವರು ಮುಂಬಯಿಯ ಜೆ.ಜೆ. ಕಲಾಶಾಲೆಯ ಜಾನ್ ಗ್ರಿಫಿತ್ಸ್ ಮತ್ತು ಅವರ ವಿದ್ಯಾರ್ಥಿಗಳು. ಇಂದು ಆ ಗೋಡೆಯ ಬಣ್ಣ ಅಲ್ಲಲ್ಲಿ ಉದುರಿದೆ, ಗುಹೆಯೊಳಗೆ ಬೆಳಕೂ ಕಡಿಮೆ. ಹಡಗನ್ನು ಹುಡುಕಲು ಸ್ವಲ್ಪ ತಾಳ್ಮೆ ಬೇಕು.

ಚಿತ್ರ ಇದೆ, ನಕ್ಷೆ ಇಲ್ಲ

2023ರ ಜುಲೈಯಲ್ಲಿ ಕೇಂದ್ರ ಸಂಸ್ಕೃತಿ ಸಚಿವಾಲಯ, ನೌಕಾಪಡೆ ಮತ್ತು ಗೋವಾದ ಹೋಡಿ ಇನ್ನೊವೇಶನ್ಸ್ ಸಂಸ್ಥೆ ಸೇರಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಅಜಂತಾದ ಚಿತ್ರದ ಆಧಾರದಲ್ಲಿ 5ನೇ ಶತಮಾನದ ಹಡಗನ್ನು ಮತ್ತೆ ಕಟ್ಟುವುದು ಅದರ ಉದ್ದೇಶ. ಈ ಯೋಚನೆಯ ಹಿಂದೆ ಇದ್ದವರು ಅರ್ಥಶಾಸ್ತ್ರಜ್ಞ ಮತ್ತು ಲೇಖಕ ಸಂಜೀವ್ ಸಾನ್ಯಾಲ್. ಸೆಪ್ಟೆಂಬರಿನಲ್ಲಿ ಹಡಗಿನ ಅಡಿಮರ ಇಡಲಾಯಿತು. ಮನೆ ಕಟ್ಟುವವರಿಗೆ ಶಿಲಾನ್ಯಾಸ ಹೇಗೋ ಹಡಗು ಕಟ್ಟುವವರಿಗೆ ಅಡಿಮರ ಇಡುವುದು ಹಾಗೆ.

ಆದರೆ ಕಷ್ಟವಿದ್ದದ್ದು ಮುಂದೆ. ಅಂಥ ಹಡಗಿನ ಅಳತೆಯ ನಕ್ಷೆ ಎಲ್ಲಿಯೂ ಉಳಿದು ಬಂದಿಲ್ಲ. ಚಿತ್ರ ಹಡಗಿನ ಒಂದು ಪಕ್ಕವನ್ನಷ್ಟೇ ತೋರಿಸುತ್ತದೆ. ನೀರಿನೊಳಗೆ ಮುಳುಗಿರುವ ತಳ ಹೇಗಿತ್ತು, ಒಡಲು ಎಷ್ಟು ಅಗಲವಿತ್ತು, ಹಲಗೆಗಳು ಎಲ್ಲಿ ಕೂಡುತ್ತಿದ್ದವು ಎಂಬುದನ್ನು ಗೋಡೆ ಹೇಳುವುದಿಲ್ಲ. ಚಿತ್ರಕಾರನಿಗೆ ಅದು ಬೇಕಾಗಿಯೂ ಇರಲಿಲ್ಲ.

ಹೀಗಾಗಿ ಮೊದಲು ಹಡಗಿನ ಆಕಾರವನ್ನು ಊಹಿಸಿ ವಿನ್ಯಾಸಗೊಳಿಸಬೇಕಾಯಿತು. ಅನಂತರ ಐಐಟಿ ಮದ್ರಾಸಿನ ಸಾಗರ ಎಂಜಿನಿಯರಿಂಗ್ ವಿಭಾಗದಲ್ಲಿ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಲಾಯಿತು. ದೊಡ್ಡ ಹಡಗಿಗೆ ಮರ ಕೊಯ್ಯುವ ಮೊದಲೇ ಅದು ನೀರಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ, ಎಷ್ಟು ವಾಲಿದರೆ ಮತ್ತೆ ನೆಟ್ಟಗಾಗುತ್ತದೆ ಎಂಬ ಅಂದಾಜು ಇಂಥ ಮಾದರಿ ಪರೀಕ್ಷೆಗಳಿಂದ ಸಿಗುತ್ತದೆ. ಮಾದರಿ ಹಡಗು ಎಂದರೆ ಕಪಾಟಿನ ಅಲಂಕಾರದ ವಸ್ತು ಎಂಬ ಭಾವನೆ ನಮ್ಮಲ್ಲಿದೆ. ವಾಸ್ತವದಲ್ಲಿ ಮಾದರಿಯೇ ದೊಡ್ಡ ಹಡಗಿನ ಮೊದಲ ಪರೀಕ್ಷೆ.

ಹಲಗೆಯ ಲೆಕ್ಕಾಚಾರ

ಹಡಗು ಚಿಕ್ಕದಿರಲಿ ದೊಡ್ಡದಿರಲಿ, ಅದರ ಒಡಲಿಗೆ ಹಲಗೆ ಹೊದಿಸುವುದೇ ಅತ್ಯಂತ ನಾಜೂಕಿನ ಕೆಲಸ. ಇದನ್ನು ಅರ್ಥ ಮಾಡಿಕೊಳ್ಳಲು ಮಾದರಿ ಹಡಗಿಗಿಂತ ಸುಲಭದ ದಾರಿ ಇನ್ನೊಂದಿಲ್ಲ.

ಕೌಂಡಿನ್ಯದ ಉದ್ದ ಸುಮಾರು 19.6 ಮೀಟರ್, ಅಗಲ ಸುಮಾರು 6.5 ಮೀಟರ್. ಇದನ್ನು 50ರಲ್ಲಿ 1 ಪಾಲಿಗೆ ಇಳಿಸಿದರೆ 39 ಸೆಂಟಿಮೀಟರ್ ಉದ್ದ, 13 ಸೆಂಟಿಮೀಟರ್ ಅಗಲದ ಮಾದರಿಯಾಗುತ್ತದೆ. ಮೇಜಿನ ಮೇಲೆ ಹಾಯಾಗಿ ಕೂರುವ ಗಾತ್ರ. ಮೊದಲು ಅಡಿಮರ, ಅದರ ಮೇಲೆ ಅಡ್ಡಲಾಗಿ ಪಕ್ಕೆಲುಬುಗಳಂತೆ ನಿಲ್ಲುವ ಅಚ್ಚುಗಳು. ಈ ಅಚ್ಚುಗಳ ಅಂಚನ್ನು ಚೌಕಾಕಾರದಲ್ಲಿ ಬಿಟ್ಟರೆ ಹಲಗೆ ಒಂದು ಮೂಲೆಗೆ ಮಾತ್ರ ತಾಗುತ್ತದೆ. ಹಲಗೆ ಪೂರ್ತಿ ಒರಗಿ ಕೂರುವಂತೆ ಅಂಚುಗಳನ್ನು ಓರೆಯಾಗಿ ಉಜ್ಜಿಕೊಳ್ಳಬೇಕು. ಅವಸರದವರು ಎಡವುವುದು ಇಲ್ಲಿಯೇ.

ಈಗ ಲೆಕ್ಕ ನೋಡೋಣ. ಹಡಗಿನ ನಡುವೆ ಅಡಿಮರದಿಂದ ಮೇಲಂಚಿನವರೆಗೆ ಒಡಲಿನ ಸುತ್ತಳತೆ 12 ಸೆಂಟಿಮೀಟರ್ ಎಂದುಕೊಳ್ಳೋಣ. 4 ಮಿಲಿಮೀಟರ್ ಅಗಲದ ಪಟ್ಟಿಗಳಾದರೆ ಒಂದು ಪಕ್ಕಕ್ಕೆ 30 ಬೇಕು. ಆದರೆ ಮೂತಿಯ ಕಡೆ ಒಡಲು ಕಿರಿದಾಗುತ್ತದೆ. ಅಲ್ಲಿ ಸುತ್ತಳತೆ 6 ಸೆಂಟಿಮೀಟರ್ ಮಾತ್ರ ಎಂದಾದರೆ ಅದೇ 30 ಪಟ್ಟಿಗಳಿಗೆ ಸಿಗುವ ಜಾಗ ತಲಾ 2 ಮಿಲಿಮೀಟರ್. ಅಂದರೆ ಪ್ರತಿಯೊಂದು ಪಟ್ಟಿಯನ್ನೂ ತುದಿಯ ಕಡೆಗೆ ಅರ್ಧಕ್ಕೆ ಕೀಸಬೇಕು. ಜಾಗ ಅದಕ್ಕಿಂತಲೂ ಕಡಿಮೆಯಾದರೆ ಪಟ್ಟಿಯನ್ನು ಇನ್ನಷ್ಟು ಸಪೂರ ಮಾಡಬಾರದು. ಎರಡು ಪಟ್ಟಿಗಳು ಬರುವಲ್ಲಿ ಒಂದನ್ನೇ ಮುಂದುವರಿಸಬೇಕು. ಇದಕ್ಕೆ ವಿರುದ್ಧವಾಗಿ ಹಿಂಬದಿಯಲ್ಲಿ ಒಡಲು ಅಗಲವಾಗಿ ಪಟ್ಟಿಗಳ ನಡುವೆ ಸಂದು ಬಿಟ್ಟರೆ ಬೆಣೆಯಾಕಾರದ ತುಂಡು ಹಲಗೆಯನ್ನು ಸೇರಿಸಬೇಕು. ಜಮಾ ಖರ್ಚು ತಾಳೆಯಾಗುವಂತೆ ನಡುವಿನ ಲೆಕ್ಕಕ್ಕೂ ತುದಿಗಳ ಲೆಕ್ಕಕ್ಕೂ ಹೊಂದಾಣಿಕೆಯಾದರಷ್ಟೇ ಒಡಲು ಮುಚ್ಚುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಶಾಲಾ ಮಕ್ಕಳ ಸ್ಟೀಲಿನ ಅಡಿಪಟ್ಟಿಯನ್ನು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ಚಪ್ಪಟೆ ಬದಿಗೆ ಸಲೀಸಾಗಿ ಬಾಗುತ್ತದೆ, ಅಂಚಿನ ಬದಿಗೆ ಎಷ್ಟು ಒತ್ತಿದರೂ ಬಾಗುವುದಿಲ್ಲ. ಮರದ ಹಲಗೆಯೂ ಅಷ್ಟೇ. ಮೂತಿಯ ಬಳಿ ಅದನ್ನು ಬಲವಂತವಾಗಿ ಅಂಚಿನ ಕಡೆಗೆ ಎಳೆದರೆ ಅದರ ಒಂದು ಬದಿ ಮೇಲೆದ್ದು ನಿಲ್ಲುತ್ತದೆ, ಇಲ್ಲವೇ ಸೀಳುತ್ತದೆ. ಆದ್ದರಿಂದ ಹಲಗೆ ತಾನಾಗಿ ಯಾವ ದಾರಿಯಲ್ಲಿ ಮಲಗುತ್ತದೆ ಎಂದು ಮೊದಲು ನೋಡಿಕೊಂಡು, ಆ ದಾರಿಗೆ ತಕ್ಕಂತೆ ಅದರ ಅಂಚನ್ನು ಕೊರೆಯಬೇಕು. ಮಾದರಿಗೆ ಪಟ್ಟಿಗಳನ್ನು ಬಿಸಿನೀರಿನಲ್ಲಿ ನೆನೆಸಿ ಬಗ್ಗಿಸಿದರೆ ಸಾಕು. ದೊಡ್ಡ ಹಡಗಿನ ಹಲಗೆಗಳನ್ನು ಹಬೆಯಲ್ಲಿ ಬೇಯಿಸಿ, ಆರುವುದರೊಳಗೆ ಅದರ ಜಾಗಕ್ಕೆ ಒಯ್ದು ಬಿಗಿಯಬೇಕಾಗುತ್ತದೆ.

ಎಡಕ್ಕೊಂದು ಬಲಕ್ಕೊಂದು ಎಂಬಂತೆ ಎರಡೂ ಪಕ್ಕಕ್ಕೆ ಸರದಿಯಲ್ಲಿ ಹಲಗೆ ಹೊದಿಸಬೇಕು ಎಂಬುದು ಮತ್ತೊಂದು ನಿಯಮ. ಒಂದೇ ಪಕ್ಕವನ್ನು ಮುಗಿಸಿ ಇನ್ನೊಂದಕ್ಕೆ ಹೋದರೆ ಅದರ ಎಳೆತಕ್ಕೆ ಅಡಿಮರವೇ ಸೊಟ್ಟಗಾಗುತ್ತದೆ. ಗೋಡೆಯ ಇಟ್ಟಿಗೆಗಳಂತೆ ಹಲಗೆಗಳ ಕೂಡುಗೆರೆಗಳು ಒಂದರ ಮೇಲೊಂದು ಬರದಂತೆಯೂ ನೋಡಿಕೊಳ್ಳಬೇಕು.

ಮೊಳೆಯ ಬದಲು ಹೊಲಿಗೆ

ಮೇಲೆ ಹೇಳಿದ್ದು ಇಂದಿನ ಹವ್ಯಾಸಿಗಳ ಮಾದರಿಯ ಕ್ರಮ. ಮೊದಲು ಪಕ್ಕೆಲುಬು, ಆಮೇಲೆ ಹಲಗೆ. ನಮ್ಮ ಪಶ್ಚಿಮ ಕರಾವಳಿಯ ಹೊಲಿದ ಹಡಗುಗಳ ಪರಂಪರೆಯ ಕ್ರಮ ಇದಕ್ಕೆ ತಿರುಗಾಮುರುಗಾ. ಅಲ್ಲಿ ಮೊದಲು ಹಲಗೆಗೆ ಹಲಗೆ ಸೇರಿಸಿ ಹೊರಗಿನ ಚಿಪ್ಪನ್ನು ಕಟ್ಟುತ್ತಾರೆ. ಪಕ್ಕೆಲುಬುಗಳು ಒಳಗೆ ಬಂದು ಕೂರುವುದು ಆಮೇಲೆ. ಹಡಗಿನ ಆಕಾರವನ್ನು ನಿರ್ಧರಿಸುವುದು ಹಲಗೆಯೇ. ಆದ್ದರಿಂದ ಮೊದಲ ಕೆಲವು ಹಲಗೆಗಳು ತಪ್ಪಿದರೆ ಇಡೀ ಹಡಗು ತಪ್ಪುತ್ತದೆ.

ಹೊಲಿಗೆಯ ವಿಧಾನ ಕೇಳಲು ಸರಳ. ಎರಡು ಹಲಗೆಗಳ ಅಂಚುಗಳನ್ನು ನಡುವೆ ಬೆಳಕು ಕಾಣದಷ್ಟು ಕೂಡುವಂತೆ ಕೀಸುತ್ತಾರೆ. ಎರಡೂ ಅಂಚುಗಳ ಉದ್ದಕ್ಕೆ ಎದುರುಬದುರಾಗಿ ತೂತು ಕೊರೆಯುತ್ತಾರೆ. ಕೂಡುಗೆರೆಯ ಮೇಲೆ ತೆಂಗಿನ ನಾರಿನ ದಪ್ಪ ಕಂತೆಯನ್ನು ಇಟ್ಟು, ಅದರ ಮೇಲೆ ಅಡ್ಡಡ್ಡಲಾಗಿ ಕತ್ತದ ಹಗ್ಗವನ್ನು ಹಾಯಿಸುತ್ತಾರೆ. ಒಳಗೊಬ್ಬ, ಹೊರಗೊಬ್ಬ. ಒಬ್ಬ ಹಗ್ಗ ದಾಟಿಸಿದರೆ ಇನ್ನೊಬ್ಬ ಕೋಲಿಗೆ ಸುತ್ತಿ ಸನ್ನೆಯಂತೆ ಎಳೆದು ಬಿಗಿಯುತ್ತಾನೆ. ಕೊನೆಗೆ ತೂತುಗಳಿಗೆ ನಾರು ತುರುಕಿ, ರಾಳ ಮೆತ್ತಿ, ಮೀನೆಣ್ಣೆ ಹಚ್ಚುತ್ತಾರೆ. ಬಿಗಿತ ಒಂದೆಡೆ ಹೆಚ್ಚು ಒಂದೆಡೆ ಕಡಿಮೆಯಾದರೆ ನೀರು ಒಳಬರುವುದು ಖಂಡಿತ. ಎಷ್ಟು ಎಳೆದರೆ ಸಾಕು ಎಂಬುದಕ್ಕೆ ಅಳತೆಗೋಲು ಇಲ್ಲ. ಅದು ಕೈಗೆ ಮಾತ್ರ ಗೊತ್ತು.

ಮೊಳೆ ಹೊಡೆಯುವುದು ಬಿಟ್ಟು ಇಷ್ಟು ಕಷ್ಟ ಏಕೆ ಎಂಬ ಪ್ರಶ್ನೆ ಸಹಜ. ಭೋಜರಾಜನ ಹೆಸರಿನಲ್ಲಿರುವ 'ಯುಕ್ತಿಕಲ್ಪತರು' ಗ್ರಂಥ ಸಮುದ್ರದ ಸೂಜಿಗಲ್ಲಿನ ಬಂಡೆಗಳು ಕಬ್ಬಿಣವನ್ನು ಸೆಳೆಯುತ್ತವೆಂದು ಹಡಗಿನ ತಳಕ್ಕೆ ಕಬ್ಬಿಣ ಬೇಡ ಎನ್ನುತ್ತದೆ. ಇದನ್ನು ಕತೆಯೆಂದು ಬಿಟ್ಟರೂ ಬೇರೆ ಕಾರಣಗಳಿವೆ. ಉಪ್ಪುನೀರಿನಲ್ಲಿ ಕಬ್ಬಿಣ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ. ಕತ್ತ ಉಪ್ಪುನೀರನ್ನು ತಾಳುತ್ತದೆ. ಹೊಲಿದ ಒಡಲು ಬಳುಕುತ್ತದೆ. ಅಲೆಯ ಹೊಡೆತಕ್ಕೆ, ಮರಳು ದಿಬ್ಬಕ್ಕೆ ತಾಗಿದ ಪೆಟ್ಟಿಗೆ ಒಡೆಯದೆ ಬಗ್ಗಿ ತಾಳಿಕೊಳ್ಳುತ್ತದೆ. ಹಲಗೆಯೊಂದು ಕೆಟ್ಟರೆ ಹೊಲಿಗೆ ಬಿಚ್ಚಿ ಅದೊಂದನ್ನೇ ಬದಲಿಸಬಹುದು. ಕೊರತೆಯೂ ಇಲ್ಲದಿಲ್ಲ. ಹಗ್ಗ ಕೆಲವು ವರ್ಷಗಳಲ್ಲಿ ಸವೆಯುವುದರಿಂದ ಮತ್ತೆ ಹೊಲಿಯಬೇಕು. 13ನೇ ಶತಮಾನದ ಕೊನೆಯಲ್ಲಿ ಹೊರ್ಮುಜಿನಲ್ಲಿ ಇಂಥ ಹಡಗುಗಳನ್ನು ಕಂಡ ಮಾರ್ಕೊ ಪೋಲೊ ಅವುಗಳನ್ನು ಮೆಚ್ಚಲಿಲ್ಲ. ಆದರೂ ಭಾರತ ಮತ್ತು ಅರಬ್ ನಾಡುಗಳ ನಡುವಿನ ವ್ಯಾಪಾರವನ್ನು ಶತಮಾನಗಳ ಕಾಲ ಹೊತ್ತದ್ದು ಇವೇ ಹಡಗುಗಳು.

ಹಾಯಿಯ ಮೇಲೆ ಗಂಡಭೇರುಂಡ

ಕೌಂಡಿನ್ಯದ ಹಲಗೆಗಳನ್ನು ಹೊಲಿದವರು ಕೇರಳದ ಕುಶಲಕರ್ಮಿಗಳು. ಅವರ ಮುಂದಾಳು ಹೊಲಿದ ಹಡಗುಗಳ ನಿರ್ಮಾಣದಲ್ಲಿ ಪರಿಣತರಾದ ಬಾಬು ಶಂಕರನ್. ತಿಂಗಳುಗಟ್ಟಲೆ ನಡೆದ ಈ ಕೆಲಸ ಮುಗಿದು 2025ರ ಫೆಬ್ರವರಿಯಲ್ಲಿ ಗೋವಾದಲ್ಲಿ ಹಡಗು ನೀರಿಗಿಳಿಯಿತು. ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಕೇಂದ್ರ ಸಂಸ್ಕೃತಿ ಸಚಿವ ಗಜೇಂದ್ರ ಸಿಂಗ್ ಶೆಖಾವತ್ ಅವರ ಸಮ್ಮುಖದಲ್ಲಿ ಅದಕ್ಕೆ ಹೆಸರಿಡಲಾಯಿತು. ಹಿಂದೂ ಮಹಾಸಾಗರವನ್ನು ದಾಟಿ ಆಗ್ನೇಯ ಏಷ್ಯಾಕ್ಕೆ ಹೋದನೆಂದು ಐತಿಹ್ಯಗಳು ಹೇಳುವ ನಾವಿಕ ಕೌಂಡಿನ್ಯನ ಹೆಸರು ಅದು. ಹಡಗಿನ ನೆಲೆಯೂ ಕಾರವಾರವೇ.

ಕನ್ನಡಿಗರಿಗೆ ಹೆಮ್ಮೆಯ ಇನ್ನೊಂದು ಸಂಗತಿ ಇದೆ. ಈ ಹಡಗಿನ ಹಾಯಿಯ ಮೇಲೆ ಸೂರ್ಯನ ಜೊತೆಗೆ ಗಂಡಭೇರುಂಡದ ಚಿತ್ರವಿದೆ. ಮೂತಿಯಲ್ಲಿ ಸಿಂಹಯಾಳಿ, ಮೇಲಟ್ಟದಲ್ಲಿ ಹರಪ್ಪ ಶೈಲಿಯ ಕಲ್ಲಿನ ಲಂಗರು. ಗಂಡಭೇರುಂಡ ನಮಗೆ ಹೊಸದಲ್ಲ. ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಭೇರುಂಡೇಶ್ವರ ಕಂಬದ ಮೇಲಿದೆ, ಕರ್ನಾಟಕ ಸರ್ಕಾರದ ಲಾಂಛನದಲ್ಲಿದೆ, ಊರಿಗೆ ಹೋಗುವಾಗ ಹತ್ತುವ ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೂ ಇದೆ. ಈಗ ಕಡಲನ್ನೂ ಸೇರಿತು. ಕನ್ನಡ ದೊರೆಗಳಿಗೆ ಹಡಗು ಅಪರಿಚಿತವಾಗಿತ್ತು ಎಂದುಕೊಳ್ಳುವವರು 634ರ ಐಹೊಳೆ ಶಾಸನವನ್ನು ನೆನೆಯಬಹುದು. ಇಮ್ಮಡಿ ಪುಲಿಕೇಶಿ ಪಶ್ಚಿಮ ಸಮುದ್ರದ ಪುರಿಯನ್ನು ನೌಕಾಬಲದಿಂದ ಮುತ್ತಿದ್ದು ಅದರಲ್ಲಿ ದಾಖಲಾಗಿದೆ.

ಎಂಜಿನ್ ಇಲ್ಲದ ಕೌಂಡಿನ್ಯ 2025ರ ಡಿಸೆಂಬರ್ 29ರಂದು ಗುಜರಾತಿನ ಪೋರಬಂದರಿನಿಂದ ಹೊರಟು, ಗಾಳಿಯ ಬಲದಿಂದಲೇ ಸಾಗಿ 2026ರ ಜನವರಿ 14ರಂದು ಓಮಾನಿನ ಮಸ್ಕತ್ ತಲುಪಿತು. ಅರಬ್ಬಿ ಸಮುದ್ರದ ಅಲೆಗಳ ನಡುವೆ ಆ ಹೊಲಿಗೆ ತಾಳಿಕೊಂಡಿತು ಎಂಬುದೇ ಕುಶಲಕರ್ಮಿಗಳಿಗೆ ಸಂದ ದೊಡ್ಡ ಸನ್ಮಾನ.

ಎಣಿಕೆಯ ಕೈಗಳು

ಇಲ್ಲಿಯವರೆಗಿನದು ಸಂತೋಷದ ಸುದ್ದಿ. ಇನ್ನು ಚಿಂತೆಯ ಮಾತು.

1980ರಲ್ಲಿ ಓಮಾನಿನ ಸೂರ್ ಪಟ್ಟಣದಲ್ಲಿ ಟಿಮ್ ಸೆವೆರಿನ್ ಎಂಬ ಸಾಹಸಿ 'ಸೊಹಾರ್' ಎಂಬ ಹೊಲಿದ ಹಡಗನ್ನು ಕಟ್ಟಿಸಿ ಚೀನಾಕ್ಕೆ ಪ್ರಯಾಣ ಮಾಡಿದರು. ಅದಕ್ಕೆ ಮರ ಹೋದದ್ದು ಮಲಬಾರ್ ಕರಾವಳಿಯಿಂದ. ನಮ್ಮ ಘಟ್ಟದ ಕಾಡುಗಳಲ್ಲಿಯೂ ಬೆಳೆಯುವ ಹೆಬ್ಬಲಸು ಅದು. ಹೊಲಿಯಲು ಹೋದವರು ಲಕ್ಷದ್ವೀಪದವರು. 2010ರಲ್ಲಿ 'ಜ್ಯೂಯೆಲ್ ಆಫ್ ಮಸ್ಕತ್' ಎಂಬ ಇನ್ನೊಂದು ಹೊಲಿದ ಹಡಗು ಓಮಾನಿನಿಂದ ಸಿಂಗಪುರಕ್ಕೆ ಹೋಯಿತು. ಇಂಡೋನೇಷ್ಯಾದ ಬೆಲಿತುಂಗ್ ದ್ವೀಪದ ಬಳಿ ಸಿಕ್ಕ 9ನೇ ಶತಮಾನದ ಹಡಗಿನ ಅವಶೇಷ ಅದಕ್ಕೆ ಆಧಾರ. ಅದರ ನಿರ್ಮಾಣದಲ್ಲಿ ಕೂಡ ಬಾಬು ಶಂಕರನ್ ಪಾಲ್ಗೊಂಡಿದ್ದರು. ಈಗ ಕೌಂಡಿನ್ಯದಲ್ಲಿಯೂ ಅದೇ ಹೆಸರು. 45 ವರ್ಷಗಳಲ್ಲಿ ಸುದ್ದಿಯಾದ ಮೂರು ಹಡಗುಗಳಿಗೂ ಕೈಗಳು ಬಂದದ್ದು ಭಾರತದ ನೈಋತ್ಯ ಮೂಲೆಯಿಂದ, ಅದೂ ಬೆರಳೆಣಿಕೆಯ ಜನರಿಂದ. ಇದು ಹೆಮ್ಮೆಯೂ ಹೌದು, ಎಚ್ಚರಿಕೆಯೂ ಹೌದು. ಆ ಕೈಗಳು ದಣಿದ ಮೇಲೆ ಮುಂದೇನು?

ನಮ್ಮ ಕರಾವಳಿಯ ಸ್ಥಿತಿ ಇನ್ನೂ ಸ್ಪಷ್ಟ ಉದಾಹರಣೆ. ಕತ್ತದ ಹಗ್ಗದಿಂದ ಹಲಗೆ ಹೊಲಿದ ದೋಣಿ ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡದ ಹಿರಿಯ ಮೀನುಗಾರರಿಗೆ ಅಪರಿಚಿತವಲ್ಲ. ರಂಪಣಿ ಬಲೆಯ ಕಾಲದಲ್ಲಿ ಬಲೆಯನ್ನು ಕಡಲಿಗೆ ಒಯ್ದು ಬಿಡುತ್ತಿದ್ದದ್ದು ಇಂಥ ದೊಡ್ಡ ದೋಣಿಗಳೇ. ಊರಿಗೆ ಊರೇ ದಡದಲ್ಲಿ ನಿಂತು ಬಲೆ ಎಳೆಯುತ್ತಿತ್ತು. 1970ರ ದಶಕದ ನಡುಭಾಗದಲ್ಲಿ ಯಾಂತ್ರಿಕ ದೋಣಿಗಳ ಪರ್ಸಿನ್ ಬಲೆ ಬಂದ ಮೇಲೆ ರಂಪಣಿ ಕೆಲವೇ ವರ್ಷಗಳಲ್ಲಿ ಹಿಂದೆ ಸರಿಯಿತು. ಅದರ ಹಿಂದೆಯೇ ಫೈಬರ್ ದೋಣಿ ಬಂತು. ಬದುಕು ಸುಧಾರಿಸಿತು, ಅದನ್ನು ಯಾರೂ ದೂರುವಂತಿಲ್ಲ. ಫೈಬರ್ ದೋಣಿಗೆ ಪ್ರತಿವರ್ಷ ಹೊಲಿಗೆ ಬೇಡ, ಮೀನೆಣ್ಣೆ ಬೇಡ. ಆದರೆ ದೋಣಿಯೊಂದಿಗೆ ಹಲಗೆ ಹೊಂದಿಸುವ ಆಚಾರಿಯ ಕಣ್ಣಳತೆಯೂ ಹೋಯಿತು. ಒಂದೊಂದು ಹಲಗೆಗೆ, ಒಂದೊಂದು ಗಂಟಿಗೆ ಇದ್ದ ತುಳು, ಕನ್ನಡ, ಕೊಂಕಣಿ ಹೆಸರುಗಳೂ ಹೋಗುತ್ತಿವೆ.

ಅಜಂತಾದ ಹಡಗನ್ನು ಕಟ್ಟುವಾಗ ಎದುರಾದ ಕಷ್ಟ ಇದೇ ಅಲ್ಲವೇ? ಚಿತ್ರ ಉಳಿದಿತ್ತು, ಕಟ್ಟುವ ಕ್ರಮ ಬರೆದಿಟ್ಟಿರಲಿಲ್ಲ. ಹಲಗೆ ಹೊಲಿಯುವ ಕೆಲವು ಕೈಗಳು ಕೇರಳದಲ್ಲಿ ಇನ್ನೂ ಇದ್ದವು ಎಂಬ ಒಂದೇ ಕಾರಣಕ್ಕೆ ಆ ಚಿತ್ರ ಹಡಗಾಯಿತು. ಅವರೂ ಇಲ್ಲದಿದ್ದರೆ ಐಐಟಿಯ ಪರೀಕ್ಷೆಯೂ ಸಚಿವಾಲಯದ ಅನುದಾನವೂ ಗೋಡೆಯಾಚೆಗೆ ದಾರಿ ತೋರಿಸುತ್ತಿರಲಿಲ್ಲ. ನಮ್ಮ ರಂಪಣಿ ದೋಣಿಯ ಫೋಟೋಗಳು ಅಲ್ಲಲ್ಲಿ ಉಳಿಯಬಹುದು. ಫೋಟೋ ನೋಡಿ ಅದನ್ನು ಮತ್ತೆ ಕಟ್ಟಬಲ್ಲವರು ಇನ್ನು 20 ವರ್ಷಗಳ ಬಳಿಕ ಸಿಗುವರೇ?

ಸಂಘಗಳು ಮಾಡಬಹುದಾದ ಕೆಲಸ

ಮುಂಬಯಿಯಲ್ಲಿ ಈ ಕೆಲಸಕ್ಕೆ ಜನ ಇಲ್ಲದಿಲ್ಲ. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಿಂದ ಹಿಡಿದು ಉಪನಗರಗಳ ಚಿಕ್ಕಪುಟ್ಟ ಕನ್ನಡ ಸಂಘಗಳವರೆಗೆ, ಕಡಲತಡಿಯ ಊರುಗಳಿಂದ ಬಂದ ಹಿರಿಯರು ಇಲ್ಲದ ಸಂಘವೇ ಇಲ್ಲ. ಬಾಲ್ಯದಲ್ಲಿ ದೋಣಿಗೆ ಎಣ್ಣೆ ಹಚ್ಚಿದವರು, ಕತ್ತ ಹೊಸೆದವರು, ಆಚಾರಿಯ ಪಕ್ಕದಲ್ಲಿ ಹಲಗೆ ಹಿಡಿದು ನಿಂತವರು ನಮ್ಮ ನಡುವೆ ಇದ್ದಾರೆ. ಅವರ ಮಾತನ್ನು ಮೊಬೈಲಿನಲ್ಲಿ ದಾಖಲಿಸಿಡಲು ದೊಡ್ಡ ಖರ್ಚೇನೂ ಇಲ್ಲ. ಹಲಗೆಯ ಹೆಸರು, ಗಂಟಿನ ಹೆಸರು, ಯಾವ ಮರ, ಯಾವ ತಿಂಗಳು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿದರೂ ಸಾಕು.

ರಾಜ್ಯೋತ್ಸವದ ಸಂದರ್ಭದಲ್ಲಿ ಮಕ್ಕಳಿಂದ ಮೈಸೂರು ಅರಮನೆ, ಹಂಪಿಯ ಕಲ್ಲಿನ ರಥದ ಥರ್ಮೊಕೋಲ್ ಮಾದರಿ ಮಾಡಿಸುವುದು ರೂಢಿ. ಒಂದು ವರ್ಷ ಹಡಗಿನ ಮಾದರಿಯನ್ನೂ ಮಾಡಿಸಬಹುದು. ತೆಳು ಮರದ ಪಟ್ಟಿ, ಫೆವಿಕಾಲ್, ಬಟ್ಟೆ ಒಣಗಿಸುವ ಕ್ಲಿಪ್ಪು, ಮರ ಉಜ್ಜುವ ಕಾಗದ ಇಷ್ಟಿದ್ದರೆ ಆರಂಭಿಸಬಹುದು. ಪಟ್ಟಿಗಳ ಅಂಚಿಗೆ ಸೂಜಿಯಿಂದ ತೂತು ಮಾಡಿ ನೂಲು ಹಾಯಿಸಿದರೆ ಹೊಲಿಗೆಯ ಕ್ರಮವೂ ಮಕ್ಕಳ ಕೈಗೆ ಬರುತ್ತದೆ. ಮೊದಲನೆಯ ಹಡಗಿನಲ್ಲಿ ಸಂದು ಬಿಡುತ್ತದೆ, ಮೂತಿ ಸೊಟ್ಟಗಾಗುತ್ತದೆ. ಎರಡನೆಯದರಲ್ಲಿ ಪಟ್ಟಿ ಏಕೆ ಬಾಗಲಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ಹಾಯಿಯ ಮೇಲೆ ಗಂಡಭೇರುಂಡ ಬರೆಯಲು ಮಕ್ಕಳಿಗೆ ಹೇಳಿಕೊಡಬೇಕಾಗಿಯೂ ಇಲ್ಲ.

ಇನ್ನು ತ್ರ್ಯಂಬಕೇಶ್ವರದ ಯಾತ್ರೆ ಏರ್ಪಡಿಸುವ ಪದಾಧಿಕಾರಿಗಳಿಗೆ ಒಂದು ವಿನಂತಿ. ನಾಸಿಕ್‌ನಲ್ಲಿ ಪಾಂಡವಲೇಣಿಗೆ ಒಂದು ಗಂಟೆ, ವೇರುಳದ ದರ್ಶನದ ಬಳಿಕ ಅಜಂತಾಕ್ಕೆ ಒಂದು ದಿನ ಮೀಸಲಿಡಿ. ಸಂಭಾಜಿನಗರದಿಂದ ಅಜಂತಾಕ್ಕೆ ಸುಮಾರು 100 ಕಿಲೋಮೀಟರ್. ಸೋಮವಾರ ಅಜಂತಾ ಮುಚ್ಚಿರುತ್ತದೆ ಎಂಬುದನ್ನು ಮರೆಯಬೇಡಿ. 2ನೇ ಗುಹೆಯಲ್ಲಿ ಆ ಹಡಗನ್ನು ಹುಡುಕಿ ಮಕ್ಕಳಿಗೆ ತೋರಿಸಿ. ಇದು ಈಗ ಕಾರವಾರದಲ್ಲಿದೆ ಎಂದು ಹೇಳಿ.